ನ್ಯೂಯಾರ್ಕ್‌ನಲ್ಲಿ ಬಾಡಿಗೆ ಮನೆಗೂ ಲಾಟರಿ

ನ್ಯೂಯಾರ್ಕ್‌ನಲ್ಲಿದ್ದೀವಿ ಅಂದ ಕೂಡಲೇ ಊರಲ್ಲಿ ಎಲ್ಲರೂ ಕೇಳೋದು ಒಂದೇ: "ಯಾವ ಕಂಪನಿ?" ನಾವು ಕಂಪನಿಯವರಲ್ಲ. ನಮ್ಮವರ ಅಕ್ಕ ಇಲ್ಲಿ ಸಿಟಿಜನ್. ಅವರು ಯಾವ ಕಾಲದಲ್ಲೋ ಹಾಕಿದ್ದ ಅರ್ಜಿ ಕೊನೆಗೂ ಪಾಸಾಗಿ, ಗ್ರೀನ್ ಕಾರ್ಡ್ ಸಿಕ್ಕಿ, ತಿಪಟೂರು ಬಿಟ್ಟು ಈ ಸಿಟಿಯ ಒಂದು ಭಾಗವಾದ ಕ್ವೀನ್ಸ್‌ಗೆ ಬಂದವರು. ನಮ್ಮವರು ಟಿಎಲ್‌ಸಿ, ಅಂದರೆ ಸಿಟಿಯ ಟ್ಯಾಕ್ಸಿ ಇಲಾಖೆಯ ಲೈಸೆನ್ಸ್ ಮಾಡಿಸಿಕೊಂಡು ಆ್ಯಪ್ ಕಾರು ಓಡಿಸುತ್ತಾರೆ. ನಾನು ಒಂದು ಔಷಧಿ ಅಂಗಡಿಯಲ್ಲಿ ಟೆಕ್ನೀಷಿಯನ್. ಮಗಳು ಸ್ಕೂಲಿಗೆ ಹೋಗುತ್ತಾಳೆ. ಇಬ್ಬರೂ ದುಡಿದರೂ ಈ ಊರಲ್ಲಿ ಒಂದು ನೆಟ್ಟಗಿನ ಬಾಡಿಗೆ ಮನೆ ಹಿಡಿಯೋದು ಕಷ್ಟ. ಅದಕ್ಕೇ ಮೊದಲ ಕೆಲವು ವರ್ಷ ಒಬ್ಬರ ಮನೆಯ ಬೇಸ್‌ಮೆಂಟ್‌ನಲ್ಲಿದ್ದೆವು. ಬಾಡಿಗೆ ನಗದು. ಲೀಸ್ ಇಲ್ಲ, ರಸೀದಿ ಇಲ್ಲ.

2021ರ ಸೆಪ್ಟೆಂಬರ್ 1ರ ರಾತ್ರಿ ಐಡಾ ಚಂಡಮಾರುತದ ಮಳೆ ಬಂತು. ಸೆಂಟ್ರಲ್ ಪಾರ್ಕ್‌ನಲ್ಲಿ ಒಂದೇ ಗಂಟೆಯಲ್ಲಿ ಮೂರು ಇಂಚಿಗೂ ಹೆಚ್ಚು ಮಳೆ. ಸಿಟಿಯಲ್ಲಿ ಸತ್ತ 13 ಜನರಲ್ಲಿ 11 ಜನ ಇಂಥ ಬೇಸ್‌ಮೆಂಟ್‌ಗಳಲ್ಲೇ ಸತ್ತರು, ಹೆಚ್ಚಿನವರು ಕ್ವೀನ್ಸ್‌ನವರು. ನಮ್ಮಲ್ಲಿ ಬಾತ್‌ರೂಮಿನ ಮೋರಿಯಿಂದ ನೀರು ಉಕ್ಕಿತು. ಮಗಳನ್ನು ಎತ್ತಿಕೊಂಡು ಮೇಲೆ ಓಡಿದೆವು. ಹಾಸಿಗೆ, ಅಕ್ಕಿ ಮೂಟೆ, ಅವಳ ಪುಸ್ತಕ ಎಲ್ಲಾ ಹೋಯಿತು, ನಾವು ಉಳಿದೆವು. ಮಾರನೇ ದಿನ ಮನೆ ಓನರ್ ಒಂದು ಫ್ಯಾನ್ ತಂದಿಟ್ಟು, "ಎರಡು ದಿನದಲ್ಲಿ ಒಣಗುತ್ತೆ" ಅಂದರು.

ಬೇರೆ ಮನೆ ನೋಡೋಣ ಅಂದರೆ ಇಲ್ಲಿ ನಲವತ್ತು ಪಟ್ಟಿನ ಲೆಕ್ಕ. ತಿಂಗಳ ಬಾಡಿಗೆಯ 40 ಪಟ್ಟು ವರ್ಷದ ಆದಾಯ ಇರಬೇಕು ಅಂತ ಹೆಚ್ಚಿನ ಓನರ್‌ಗಳು ಕೇಳುತ್ತಾರೆ. 2,400 ಡಾಲರ್ ಮನೆಗೆ 96,000 ಡಾಲರ್ ಆದಾಯ ತೋರಿಸಬೇಕು. ನಮ್ಮದು ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಮನೆಗಳೇ ಇಲ್ಲ ಅನ್ನೋದೂ ನಿಜ. 2023ರಲ್ಲಿ ಸಿಟಿಯೇ ಮಾಡಿದ ಸರ್ವೆಯಲ್ಲಿ ಖಾಲಿ ಇದ್ದ ಬಾಡಿಗೆ ಮನೆಗಳು ನೂರಕ್ಕೆ ಒಂದೂವರೆಯೂ ಇರಲಿಲ್ಲ.

ರಿಯಾಯಿತಿ ಬಾಡಿಗೆ ಮನೆಗೆ ಅರ್ಜಿ ಹಾಕೋಣ ಅಂತ ಹೊರಟಾಗ ನನ್ನ ತಲೆಯಲ್ಲಿದ್ದದ್ದು ನಮ್ಮೂರ ಸೊಸೈಟಿ ಮುಂದಿನ ಸೀಮೆಎಣ್ಣೆ ಕ್ಯೂ. ಹೆಸರು ಬರೆಸಿ ನಿಂತರೆ ಒಂದು ದಿನ ನಮ್ಮ ಸರದಿ ಬರುತ್ತೆ, ಅಷ್ಟೇ. ಇಲ್ಲಿ ಹಾಗಿಲ್ಲ. ಒಂದು ಕ್ಯೂ ಅಲ್ಲ, ಹಲವು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ, ಅರ್ಜಿ ಬೇರೆ, ನಿಯಮ ಬೇರೆ. ಒಂದರಲ್ಲಿ ಹೆಸರಿದ್ದರೆ ಇನ್ನೊಂದಕ್ಕೆ ಹಾಕಬಾರದು ಅಂತೇನಿಲ್ಲ. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು ಅಂತ ಎಷ್ಟೋ ಸಲ ಅನಿಸಿದೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲನೆಯದು ನೈಚಾ, ಅಂದರೆ ಸಿಟಿಯ ಹೌಸಿಂಗ್ ಅಥಾರಿಟಿ. 1934ರಲ್ಲಿ ಶುರುವಾದದ್ದು. ಕೆಂಪು ಇಟ್ಟಿಗೆಯ ಎತ್ತರದ ಕಟ್ಟಡಗಳು ಸಾಲಾಗಿ ಕಂಡರೆ ಹೆಚ್ಚಾಗಿ ಅವರದೇ. ಬಾಡಿಗೆ ನಿಮ್ಮ ಆದಾಯದ ಮೇಲೆ, ಸುಮಾರು ಶೇ. 30. ಮನೆಯಲ್ಲಿ ಒಬ್ಬರಾದರೂ ಸಿಟಿಜನ್ನೋ ಗ್ರೀನ್ ಕಾರ್ಡಿನವರೋ ಇರಬೇಕು. ಎಚ್-1ಬಿಯವರಿಗೆ ಇದು ಸಿಗಲ್ಲ. ಅರ್ಜಿ ಆನ್‌ಲೈನ್‌ನಲ್ಲೇ ಮುಗಿಯುತ್ತೆ. ಆದರೆ ಎರಡು ವರ್ಷಕ್ಕೊಮ್ಮೆ ರಿನ್ಯೂ ಮಾಡಬೇಕು. ಬಿಟ್ಟರೆ ಅಷ್ಟು ವರ್ಷ ಕಾದದ್ದೆಲ್ಲ ಸೊನ್ನೆ. ಹಾಗೆ ಕಳೆದುಕೊಂಡವರನ್ನು ನೋಡಿದ್ದೇನೆ. ನಾನು ಫೋನಿನಲ್ಲಿ ಯುಗಾದಿ ದಿನಕ್ಕೆ ಅಲಾರಂ ಇಟ್ಟಿದ್ದೇನೆ, ಹಬ್ಬದ ದಿನ ಮರೆಯಲ್ಲ ಅಂತ.

ಎರಡನೆಯದು ಸೆಕ್ಷನ್ 8 ವೋಚರ್. ಖಾಸಗಿ ಮನೆಯಲ್ಲೇ ಇರಬಹುದು, ನಮ್ಮ ಪಾಲು ಕೊಟ್ಟರೆ ಉಳಿದದ್ದನ್ನು ಸರ್ಕಾರ ಕೊಡುತ್ತೆ. ಕೇಳೋಕೆ ಚೆನ್ನಾಗಿದೆ. ನಾವು ವಿಚಾರಿಸಿದಾಗ ನೈಚಾದ ಪಟ್ಟಿ ಮುಚ್ಚಿತ್ತು. 2009ರ ಕೊನೆಯಲ್ಲಿ ಮುಚ್ಚಿದ್ದು, 2024ರ ಜೂನ್‌ನಲ್ಲಿ ಒಂದು ವಾರ ತೆಗೆದರು. ಆ ಒಂದು ವಾರದಲ್ಲಿ 6 ಲಕ್ಷ 33 ಸಾವಿರ ಅರ್ಜಿ! ಅದರಲ್ಲಿ 2 ಲಕ್ಷ ಜನರನ್ನು ಕಂಪ್ಯೂಟರ್ ಆರಿಸಿ ಪಟ್ಟಿಗೆ ಸೇರಿಸಿತು. ಗಮನಿಸಿ, ಆ ಎರಡು ಲಕ್ಷ ಜನರಿಗೆ ಸಿಕ್ಕಿದ್ದು ವೋಚರ್ ಅಲ್ಲ, ಕಾಯೋ ಹಕ್ಕು. ನಮಗೆ ಅದೂ ಸಿಗಲಿಲ್ಲ.

ಮೂರನೆಯದು ಮಿಚೆಲ್-ಲಾಮಾ. 1955ರ ಕಾನೂನು. ಅದನ್ನು ತಂದ ಇಬ್ಬರು ಶಾಸಕರ ಹೆಸರನ್ನೇ ಇಟ್ಟಿದ್ದಾರೆ. ತೀರಾ ಬಡವರಿಗಲ್ಲ, ನಮ್ಮಂಥ ಮಧ್ಯದವರಿಗೆ ಅಂತ ಕಟ್ಟಿಸಿದ್ದು. ಕೆಲವು ಬಾಡಿಗೆಗೆ, ಕೆಲವು ಕೋ-ಆಪ್, ಅಂದರೆ ಅಲ್ಲಿರೋರೇ ಷೇರು ಕೊಂಡು ಒಡೆಯರಾಗೋದು. ಬ್ರಾಂಕ್ಸ್‌ನ ಕೋ-ಆಪ್ ಸಿಟಿ, ನಮ್ಮ ಕ್ವೀನ್ಸ್‌ನ ರಾಚ್‌ಡೇಲ್ ವಿಲೇಜ್ ಎಲ್ಲಾ ಇದರಲ್ಲೇ ಬರುತ್ತವೆ. ಇಲ್ಲಿ ಪ್ರತಿ ಕಟ್ಟಡಕ್ಕೂ ಬೇರೆ ಬೇರೆ ಪಟ್ಟಿ. ಎಷ್ಟೋ ಪಟ್ಟಿಗಳು ವರ್ಷಗಟ್ಟಲೆ ಮುಚ್ಚಿರುತ್ತವೆ. ತೆರೆದಾಗ ಪಟ್ಟಿಗೆ ಸೇರೋಕೇ ಲಾಟರಿ. ನಾವು ಹಾಕಿದ ಒಂದಕ್ಕೆ ಸಾಮಾನ್ಯ ಅಂಚೆಯಲ್ಲೇ ಕಳಿಸಿ, ರಿಜಿಸ್ಟರ್ಡ್ ಪೋಸ್ಟ್ ಬೇಡ ಅಂತ ಬರೆದಿತ್ತು. ಮುಖ್ಯವಾದದ್ದನ್ನೆಲ್ಲ ರಿಜಿಸ್ಟರ್ಡ್ ಮಾಡಿ ಅಭ್ಯಾಸವಾದ ನಮ್ಮವರಿಗೆ ಇದು ಕಡೆಗೂ ಒಪ್ಪಿಗೆಯಾಗಲಿಲ್ಲ. ಡಬ್ಬಕ್ಕೆ ಹಾಕಿ ಬಂದ ಮೇಲೂ "ತಲುಪಿರುತ್ತಾ?" ಅಂತ ವಾರಗಟ್ಟಲೆ ಕೇಳುತ್ತಿದ್ದರು. ತಲುಪಿತ್ತು. ಪಟ್ಟಿಯಲ್ಲಿ ನಮಗೆ ನಾಲ್ಕಂಕಿಯ ನಂಬರ್ ಬಂತು.

ನಾಲ್ಕನೆಯದು ಹೌಸಿಂಗ್ ಕನೆಕ್ಟ್. ಜನ ಬರೀ ಲಾಟರಿ ಅಂತಾರಲ್ಲ, ಅದು ಇದೇ. ಹೊಸ ಕಟ್ಟಡ ಕಟ್ಟೋವಾಗ ತೆರಿಗೆ ರಿಯಾಯಿತಿಯನ್ನೋ ಸರ್ಕಾರದ ದುಡ್ಡನ್ನೋ ತೆಗೆದುಕೊಂಡ ಬಿಲ್ಡರ್ ಒಂದಿಷ್ಟು ಮನೆಗಳನ್ನು ಕಡಿಮೆ ಬಾಡಿಗೆಗೆ ಕೊಡಬೇಕು. ಆ ಮನೆಗಳು ಇದರಲ್ಲಿ ಬರುತ್ತವೆ. ಒಮ್ಮೆ ಪ್ರೊಫೈಲ್ ಮಾಡಿಟ್ಟರೆ ಆಯಿತು, ಆಮೇಲೆ ಒಂದೊಂದು ಕಟ್ಟಡಕ್ಕೂ ಒಂದೊಂದು ಅರ್ಜಿ. ದುಡ್ಡು ಕೊಡಬೇಕಾಗಿಲ್ಲ. ಕೊನೇ ದಿನಾಂಕದ ಒಳಗೆ ಯಾವತ್ತು ಹಾಕಿದರೂ ಒಂದೇ. ಬೆಳಗಿನ ಜಾವ ಎದ್ದು ಮೊದಲು ಹಾಕಿದವರಿಗೆ ಏನೂ ಲಾಭವಿಲ್ಲ. ಗಡುವು ಮುಗಿದ ಮೇಲೆ ಎಲ್ಲರಿಗೂ ಕಂಪ್ಯೂಟರ್ ಒಂದು ಲಾಗ್ ನಂಬರ್ ಕೊಡುತ್ತೆ. ಆ ನಂಬರಿನ ಪ್ರಕಾರ ಕರೆಯುತ್ತಾ ಹೋಗುತ್ತಾರೆ.

ಎಷ್ಟು ಜನ ಹಾಕುತ್ತಾರೆ ಅಂತ ಅಂದಾಜಿಗೆ: ಕ್ವೀನ್ಸ್‌ನ ಹಂಟರ್ಸ್ ಪಾಯಿಂಟ್ ಸೌತ್‌ನಲ್ಲಿ ಮೊದಲ ಎರಡು ಟವರ್‌ಗಳ 900 ಚಿಲ್ಲರೆ ಮನೆಗೆ 90 ಸಾವಿರಕ್ಕೂ ಹೆಚ್ಚು ಅರ್ಜಿ ಬಂದಿದ್ದವು. ನಮಗೆ ಮೊದಮೊದಲು ಬಂದ ನಂಬರ್‌ಗಳು ಹೇಗಿದ್ದವು ಅಂದರೆ, ನೋಡಿ ನಕ್ಕು ಫೋನ್ ಕೆಳಗಿಡೋ ಥರ. ಸಾಲದ್ದಕ್ಕೆ ಆಗ ಅರ್ಧದಷ್ಟು ಮನೆಗಳಿಗೆ ಅದೇ ಕಮ್ಯುನಿಟಿ ಡಿಸ್ಟ್ರಿಕ್ಟ್‌ನವರಿಗೆ, ಅಂದರೆ ಕಟ್ಟಡದ ಸುತ್ತಲಿನ ಬಡಾವಣೆಯವರಿಗೆ ಮೊದಲ ಆದ್ಯತೆ ಇತ್ತು. ಹೊಸ ಕಟ್ಟಡಗಳೆಲ್ಲ ಕ್ವೀನ್ಸ್‌ನಲ್ಲೇ ಇರೋ ಜಮೈಕಾ, ಲಾಂಗ್ ಐಲೆಂಡ್ ಸಿಟಿ ಕಡೆ ಏಳುತ್ತಿದ್ದವು. ನಮ್ಮ ಬೇಸ್‌ಮೆಂಟ್ ಇದ್ದದ್ದು ಒಂಟಿ ಮನೆಗಳ ಬೀದಿಯಲ್ಲಿ. ಅಲ್ಲಿ ಯಾರು ಕಟ್ಟುತ್ತಾರೆ? 2015ರಲ್ಲಿ ಹಾಕಿದ್ದ ಒಂದು ಕೇಸು 2024ರ ಜನವರಿಯಲ್ಲಿ ರಾಜಿಯಾಗಿ ಆ ಅರ್ಧ ಶೇ. 20ಕ್ಕೆ ಇಳಿಯಿತು. 2029ರಲ್ಲಿ ಶೇ. 15 ಆಗುತ್ತೆ. ಹೊರಗಿನ ಡಿಸ್ಟ್ರಿಕ್ಟ್‌ನವರಿಗೆ ಇದು ಸಣ್ಣ ವಿಷಯವಲ್ಲ.

ಅದೃಷ್ಟದ ಮಾತು ಇಲ್ಲಿಗೆ ಮುಗಿಯಿತು. ನಂಬರ್ ಚೆನ್ನಾಗಿ ಬಂದರೆ ಮನೆ ಸಿಕ್ಕಿತು ಅಂತಲ್ಲ. ನಿಮ್ಮ ಆದಾಯ ಅವರು ಹೇಳಿದ ಎರಡು ಗೆರೆಗಳ ನಡುವೆ ಇರಬೇಕು. ಮೇಲೂ ಹೋಗಬಾರದು, ಕೆಳಗೂ ಇಳಿಯಬಾರದು. ಈ ಪ್ರದೇಶದ ಮಧ್ಯಮ ಆದಾಯ ಅಂತ ಪ್ರತಿ ವರ್ಷ ಒಂದು ಅಂಕಿ ಹೊರಡಿಸುತ್ತಾರೆ. ಎಎಂಐ ಅಂತಾರೆ. ಮನೆಯಲ್ಲಿ ಎಷ್ಟು ಜನ ಅನ್ನೋದರ ಮೇಲೆ ಅದು ಬದಲಾಗುತ್ತೆ. 2022ರಲ್ಲಿ ಮೂವರಿರೋ ಮನೆಗೆ ಅದರ ಶೇ. 60 ಅಂದರೆ 72,060 ಡಾಲರ್. ನಾವು ಹಾಕಿದ್ದ ಮನೆಗೆ ಮೇಲಿನ ಗೆರೆ ಇದು. ಕೆಳಗಿನ ಗೆರೆ ಬಾಡಿಗೆಯಿಂದ ಲೆಕ್ಕ ಹಾಕಿದ್ದು: ಇಷ್ಟು ಬಾಡಿಗೆ ಕಟ್ಟೋಕೆ ಇಷ್ಟಾದರೂ ದುಡಿಯಬೇಕು ಅಂತ. ಈ ಕೆಳಗಿನ ಗೆರೆಯಲ್ಲೇ ಎಷ್ಟೋ ಜನ ಬಿದ್ದುಹೋಗುತ್ತಾರೆ. ಬಡವರಿಗೆ ಅಂತ ಇಟ್ಟ ಮನೆಗೆ ನೀವು ತುಂಬಾ ಬಡವರು ಅನ್ನೋ ಉತ್ತರ ಬಂದರೆ ಏನು ಮಾಡೋದು ಹೇಳಿ.

ನಮಗೆ ಬಿದ್ದ ಪೆಟ್ಟು ಮೇಲಿನ ಗೆರೆಯದು. 2022ರ ಬೇಸಿಗೆಯಲ್ಲಿ ಮೊದಲ ಸಲ ಕರೆ ಬಂತು. ಕಾಗದ ಎಲ್ಲಾ ಕಳಿಸಿದೆವು. ನನ್ನ ಸಂಬಳವನ್ನು ಅವರು ಲೆಕ್ಕ ಹಾಕೋದು ಹೇಗೆ ಅಂದರೆ, ಜನವರಿಯಿಂದ ಇವತ್ತಿನವರೆಗೆ ಬಂದದ್ದನ್ನು ವಾರಗಳಿಂದ ಭಾಗಿಸಿ 52ರಿಂದ ಗುಣಿಸೋದು. ಆ ಜನವರಿ ಯಾವುದು ಗೊತ್ತಲ್ಲ, ಓಮಿಕ್ರಾನ್ ಜನವರಿ. ಔಷಧಿ ಅಂಗಡಿ ಮುಂದೆ ಟೆಸ್ಟಿಗೂ ಲಸಿಕೆಗೂ ಜನ ಬೀದಿ ತಿರುಗೋವರೆಗೂ ನಿಂತಿದ್ದರು. ಅರ್ಧ ಜನ ಸ್ಟಾಫ್ ಹುಷಾರಿಲ್ಲದೆ ಮನೆಯಲ್ಲಿದ್ದರು. ನಾನು ಡಬಲ್ ಶಿಫ್ಟ್ ಮಾಡಿದ್ದೆ. ಆ ಓವರ್‌ಟೈಮನ್ನು ವರ್ಷಪೂರ್ತಿ ಮಾಡುತ್ತೀನಿ ಅನ್ನೋ ಹಾಗೆ ಲೆಕ್ಕ ಹಾಕಿ, ಮಿತಿಗಿಂತ ಸಾವಿರ ಡಾಲರ್ ಚಿಲ್ಲರೆ ಜಾಸ್ತಿ ಅಂತ ತಿರಸ್ಕರಿಸಿದರು.

ಅಪೀಲ್ ಮಾಡೋಕೆ ಹತ್ತು ಕೆಲಸದ ದಿನ ಸಮಯ. ಮ್ಯಾನೇಜರ್‌ನಿಂದ ಪತ್ರ ಬರೆಸಿದೆ: ಓವರ್‌ಟೈಮ್ ಈಗ ಇಲ್ಲ, ಮುಂದೆ ಕೊಡ್ತೀವಿ ಅಂತಲೂ ಹೇಳಲ್ಲ ಅಂತ. ಮೇ, ಜೂನ್ ತಿಂಗಳ ಪೇ ಸ್ಟಬ್ (ಸಂಬಳದ ಚೀಟಿ) ಬೇರೆ ಲಗತ್ತಿಸಿದೆ. ಎರಡು ಸಾಲಿನ ಉತ್ತರ ಬಂತು, ಹಳೇ ನಿರ್ಧಾರವೇ ಸರಿ ಅಂತ. ನಮ್ಮವರು "ಹೋಗ್ಲಿ ಬಿಡೇ" ಅಂದರು. ನನಗೆ ಸಿಟ್ಟು ಬಹಳ ದಿನ ಇಳಿಯಲಿಲ್ಲ. ಊರಿಗೆಲ್ಲ ಲಸಿಕೆ ಹಾಕೋ ಹೊತ್ತಲ್ಲಿ ರಜ ಹಾಕಿ ಮನೆಯಲ್ಲಿ ಕೂತಿದ್ದರೆ ಮನೆ ಸಿಗುತ್ತಿತ್ತು ಅಂತಾಯಿತಲ್ಲ. ಈಗಲೂ ಹೇಳುತ್ತೇನೆ, ಆ ಲೆಕ್ಕ ತಪ್ಪು.

ಆ ನಡುವೆ ಒಬ್ಬ ಸಿಕ್ಕಿದ್ದ. ಕಿರಾಣಿ ಅಂಗಡಿ ಗೋಡೆಗೆ ಚೀಟಿ ಅಂಟಿಸಿದ್ದ, ಲಾಟರಿ ಅರ್ಜಿ ತುಂಬಿಸಿಕೊಡ್ತೀನಿ, ನಂಬರ್ ಮುಂದೆ ಬರೋ ಹಾಗೆ ಮಾಡಿಸ್ತೀನಿ ಅಂತ. ನಂಬರ್ ಯಾರ ಕೈಯಲ್ಲೂ ಇಲ್ಲ. ಇಂಥವರಿಗೆ ಒಂದು ಡಾಲರ್ ಕೂಡ ಕೊಡಬೇಡಿ. ಅರ್ಜಿ ತುಂಬೋಕೆ ಸಹಾಯ ಬೇಕು ಅಂದರೆ ಸಿಟಿಯವರೇ ಹೌಸಿಂಗ್ ಅಂಬಾಸಡರ್ ಅಂತ ಕೆಲವು ಸಂಸ್ಥೆಗಳನ್ನು ಗೊತ್ತು ಮಾಡಿದ್ದಾರೆ, ಬಿಟ್ಟಿ. ನಾವೂ ಅಂಥ ಒಂದು ಕಡೆ ಹೋಗಿ ಕೂತು, ನಮ್ಮವರ ಟ್ಯಾಕ್ಸ್ ಕಾಗದಗಳನ್ನು ಒಂದು ಹದಕ್ಕೆ ತಂದುಕೊಂಡೆವು. ಸ್ವಂತ ಕಾರು ಓಡಿಸೋರಿಗೆ ಸಂಬಳದ ಚೀಟಿ ಇರಲ್ಲ. ಹಿಂದಿನ ವರ್ಷಗಳ ಟ್ಯಾಕ್ಸ್ ರಿಟರ್ನ್, ಶೆಡ್ಯೂಲ್ ಸಿ (ಸ್ವಂತ ದುಡಿಮೆಯ ಲೆಕ್ಕ), 1099 (ಕಂಪನಿ ಕೊಟ್ಟ ದುಡ್ಡಿನ ಕಾಗದ), ಈ ವರ್ಷ ಇಲ್ಲಿವರೆಗಿನ ಲಾಭ-ನಷ್ಟ, ಎಲ್ಲಾ ಕೊಡಬೇಕು. ಇನ್ಶೂರೆನ್ಸ್, ಪೆಟ್ರೋಲ್‌ನಂಥ ಖರ್ಚು ಕಳೆದ ಮೇಲೆ ಉಳಿಯೋದೇ ಆದಾಯ. ಓಡಿಸಿದ ದುಡ್ಡೆಲ್ಲ ಆದಾಯ ಅಲ್ಲ. ಇಷ್ಟು ಗೊತ್ತಾದ ಮೇಲೆ ಒಂದು ದಪ್ಪ ಫೋಲ್ಡರ್ ಮಾಡಿಟ್ಟೆ. ಪೇ ಸ್ಟಬ್ ಬಂದ ಹಾಗೆ ಹಾಕುತ್ತಾ ಹೋದೆ.

2024ರ ಶರತ್ಕಾಲದಲ್ಲಿ ಎರಡನೇ ಕರೆ. ಜಮೈಕಾದ ಹೊಸ ಕಟ್ಟಡ, ಎರಡು ಬೆಡ್‌ರೂಮ್, ಬಾಡಿಗೆ ಸುಮಾರು 1,900 ಡಾಲರ್. ಆ ವರ್ಷ ಮೂವರ ಮನೆಗೆ ಶೇ. 60ರ ಮಿತಿ 83,880ಕ್ಕೆ ಏರಿತ್ತು. ನಮ್ಮ ಆದಾಯವೂ ಏರಿತ್ತು, ಆದರೆ ಈ ಸಲ ಗೆರೆಯ ಒಳಗೇ ಇದ್ದೆವು. ಕಾಗದ ಕಳಿಸೋಕೆ ಹತ್ತು ಕೆಲಸದ ದಿನ. ಫೋಲ್ಡರ್ ಇದ್ದದ್ದರಿಂದ ಮೂರನೇ ದಿನಕ್ಕೆ ಕಳಿಸಿದೆ. ನಿಜವಾದ ಪರೀಕ್ಷೆ ಆಮೇಲೆ ಶುರುವಾಯಿತು.

ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಒಂದು ಕಡೆ 4,600 ಡಾಲರ್ ಬಂದಿತ್ತು. ಅರ್ಜಿ ಪರಿಶೀಲಿಸೋ ಏಜೆಂಟ್ ಹುಡುಗಿ ಕೇಳಿದಳು, ಇದು ಯಾವ ಆದಾಯ? ಆದಾಯ ಅಲ್ಲ ಕಣಮ್ಮ, ಚೀಟಿ. ಫ್ಲಶಿಂಗ್ ಗಣೇಶ ದೇವಸ್ಥಾನದ ಕ್ಯಾಂಟೀನಿನಲ್ಲಿ ಭಾನುವಾರ ಸೇರೋ ನಾವು ಹತ್ತು ಮನೆಯವರು ತಿಂಗಳಿಗೆ 500ರಂತೆ ಚೀಟಿ ಹಾಕುತ್ತೀವಿ. ನಮ್ಮವರ ಕಾರಿನ ರಿಪೇರಿಗೆ ಅಂತ ಆ ತಿಂಗಳು ನಾವು ಕೂಗಿ ಎತ್ತಿದ್ದೆವು. ಇದನ್ನು ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ. ಅವಳು ಮತ್ತೆ ಕೇಳಿದಳು, ಹಾಗಾದರೆ ಇದು ಸಾಲವೇ? ಅಲ್ಲ. ಬಡ್ಡಿ ಬರುತ್ತದೆಯೇ? ನಮಗಲ್ಲ, ಬಿಟ್ಟುಕೊಟ್ಟ 400 ಉಳಿದವರಿಗೆ ಹಂಚಿಹೋಯಿತು. ಹಾಗಾದರೆ ಬೇರೆ ತಿಂಗಳು ನಿಮಗೆ ಹಂಚಿಕೆ ಬಂದಿದೆಯೇ? ಬಂದಿದೆ, ನಲವತ್ತೋ ಐವತ್ತೋ ಡಾಲರ್. ಅದೂ ಬರೆಯಿರಿ. ಬರೆದೆ. ಚೀಟಿ ನಡೆಸೋ ಅಕ್ಕನಿಂದ ಒಂದು ಪತ್ರ, ಅದಕ್ಕೆ ನೋಟರಿ ಸೀಲು. "ನಾನು ಸೀರೆ ಅಂಗಡಿಯವಳು, ನನ್ನನ್ನ ಕೋರ್ಟಿಗೆ ಎಳೀಬೇಡ್ರಮ್ಮ" ಅಂತ ಅಂದುಕೊಂಡೇ ಅಕ್ಕ ಸಹಿ ಹಾಕಿದರು. ನಾನು ಪ್ರತಿ ತಿಂಗಳು 500 ಕಳಿಸಿದ್ದು ಸ್ಟೇಟ್‌ಮೆಂಟ್‌ನಲ್ಲಿ ಒಂದರ ಕೆಳಗೆ ಒಂದು ಕಾಣುತ್ತಿತ್ತು. ಅದೇ ನಮ್ಮನ್ನು ಉಳಿಸಿದ್ದು. ನಗದಾಗಿ ಕೊಟ್ಟಿದ್ದರೆ ವಾದಕ್ಕೆ ಆಧಾರವೇ ಇರುತ್ತಿರಲಿಲ್ಲ.

ಆಮೇಲೆ ತಿಪಟೂರಿನ ಪಾಸ್‌ಬುಕ್. ಬೇರೆ ದೇಶದಲ್ಲಿ ಖಾತೆ ಇದ್ದರೆ ಹೇಳಬೇಕು. ಅಮ್ಮನ ಜೊತೆ ನನ್ನದೊಂದು ಜಂಟಿ ಖಾತೆ ಇದೆ. ಫೋನ್ ಮಾಡಿದೆ.

"ಅಲ್ಲ ಕಣೇ, ನೀನು ಅಲ್ಲಿ ಬಾಡಿಗೆ ಮನೆ ಮಾಡೋಕೆ ನನ್ನ ಪಾಸ್‌ಬುಕ್ ಯಾಕೆ?"

"ಅವರು ಕೇಳ್ತಿದಾರಮ್ಮ."

"ಅವರಿಗೆ ಯಾಕೆ ತೋರಿಸ್ಬೇಕು? ಅದು ಕೊಬ್ಬರಿ ಮಾರಿದ ದುಡ್ಡು."

ತಮ್ಮ ಬ್ಯಾಂಕಿಗೆ ಹೋಗಿ ಎಂಟ್ರಿ ಹಾಕಿಸಿ ಫೋಟೋ ಕಳಿಸಿದ. ಅಮ್ಮ ಪುಸ್ತಕವನ್ನು ಅವನ ಕೈಗೂ ಕೊಟ್ಟಿರಲಿಲ್ಲ ಅಂತ ಕಾಣುತ್ತೆ, ಪ್ರತಿ ಫೋಟೋದಲ್ಲೂ ಅವರ ಹೆಬ್ಬೆರಳು. ಒಂದು ಪುಟದಲ್ಲಂತೂ ಸರಿಯಾಗಿ ಬಾಕಿ ಮೊತ್ತದ ಮೇಲೇ ಹೆಬ್ಬೆರಳು. ಮತ್ತೆ ತೆಗೆಸಿದೆ. ಕೊಬ್ಬರಿ ದುಡ್ಡು ನನ್ನ ಆದಾಯವಲ್ಲ, ತೋಟ ಅಮ್ಮನದು ಅಂತ ತಮ್ಮ ಪತ್ರ ಬರೆದ, ಪಹಣಿ ಸಮೇತ. ಪಹಣಿಯನ್ನು ಆ ಹುಡುಗಿ ಏನಂತ ಓದಿಕೊಂಡಳೋ, ಮುಂದೆ ಕೇಳಲಿಲ್ಲ.

ಬೇಸ್‌ಮೆಂಟಿನ ಓನರ್ ಮಾತ್ರ ಕೊನೆಗೂ ಕೈ ಕೊಟ್ಟರು. ಹನ್ನೆರಡು ತಿಂಗಳು ಬಾಡಿಗೆ ಸರಿಯಾಗಿ ಕಟ್ಟಿದ್ದಕ್ಕೆ ದಾಖಲೆ ಕೊಟ್ಟರೆ ಕ್ರೆಡಿಟ್ ಚೆಕ್ (ಹಳೇ ಸಾಲ-ಬಾಕಿಯ ತನಿಖೆ) ಮಾಡಲ್ಲ ಅನ್ನೋ ಅನುಕೂಲ ಇದೆ. ಒಂದು ಪತ್ರ ಬರೆದುಕೊಡಿ ಅಂದೆ. ಬೇಸ್‌ಮೆಂಟ್ ಬಾಡಿಗೆಗೆ ಕೊಟ್ಟಿದ್ದೀನಿ ಅಂತ ಕಾಗದದ ಮೇಲೆ ಬರೆಯೋಕೆ ಅವರು ತಯಾರಿರಲಿಲ್ಲ. ಕರೆಂಟ್ ಬಿಲ್ಲೂ ಅವರ ಹೆಸರಲ್ಲೇ. ಮಗಳ ಸ್ಕೂಲಿನ ಪತ್ರ, ನಮ್ಮವರ ಟಿಎಲ್‌ಸಿ ಲೈಸೆನ್ಸ್, ಬ್ಯಾಂಕ್ ಸ್ಟೇಟ್‌ಮೆಂಟ್ ಸೇರಿಸಿ ವಿಳಾಸ ಸಾಬೀತು ಮಾಡಿದೆವು. ಕ್ರೆಡಿಟ್ ಚೆಕ್‌ಗೆ ಒಪ್ಪಿಕೊಂಡೆವು. ಅದರ ಫೀಸು 20 ಡಾಲರ್ ಮೀರಬಾರದು ಅಂತ 2019ರ ರಾಜ್ಯದ ಕಾನೂನಿದೆ, ಯಾರಾದರೂ ನೂರು ಇನ್ನೂರು ಕೇಳಿದರೆ ನೆನಪಿಟ್ಟುಕೊಳ್ಳಿ. ಅಡ್ವಾನ್ಸ್ ಕೂಡ ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳೋ ಹಾಗಿಲ್ಲ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿದವರಿಗೆ ಇದೊಂದೇ ಸಮಾಧಾನ.

ಒಪ್ಪಿಗೆ ಬಂದದ್ದು ಚಳಿಗಾಲದಲ್ಲಿ. ಮನೆ ತೋರಿಸೋ ದಿನ ಮಗಳು ಮೊದಲು ಓಡಿದ್ದು ಕಿಟಕಿಗೆ. ನಾನು ಹೋಗಿ ಬಾತ್‌ರೂಮಿನ ಮೋರಿ ನೋಡಿದೆ. ಏಳನೇ ಮಹಡಿ, ಅಲ್ಲಿಗೆ ಯಾವ ನೀರು ಉಕ್ಕುತ್ತೆ, ಆದರೂ ನೋಡಿದೆ. ಅಡುಗೆಮನೆ ಚಿಕ್ಕದು. ಒಗ್ಗರಣೆ ಹಾಕಿದರೆ ಹೊಗೆ ಅಲಾರಂ ಹೊಡೆಯುತ್ತೆ ಅಂತ ಮೊದಲ ವಾರದಲ್ಲೇ ಗೊತ್ತಾಯಿತು.

ಲೀಸ್‌ನಲ್ಲಿ ಎರಡು ಬಾಡಿಗೆ ಬರೆದಿದ್ದಾರೆ. ಒಂದು ಕಾನೂನಿನ ಪ್ರಕಾರ ನೋಂದಾಯಿಸಿದ್ದು, ದೊಡ್ಡ ಮೊತ್ತ. ಇನ್ನೊಂದು ನಾವು ಕಟ್ಟೋದು. ದೊಡ್ಡದನ್ನು ನೋಡಿ ನಮ್ಮವರಿಗೆ ಎದೆ ಧಸಕ್ಕೆಂದಿತ್ತು. ಮನೆ ರೆಂಟ್ ಸ್ಟೆಬಿಲೈಸ್ಡ್. ಅಂದರೆ ವರ್ಷಕ್ಕೆ ಎಷ್ಟು ಏರಿಸಬಹುದು ಅಂತ ಸಿಟಿಯ ರೆಂಟ್ ಗೈಡ್‌ಲೈನ್ಸ್ ಬೋರ್ಡ್ ಹೇಳುತ್ತೆ, ಓನರ್ ಮನಸ್ಸಿಗೆ ಬಂದಷ್ಟಲ್ಲ. ವರ್ಷಕ್ಕೊಮ್ಮೆ ಮತ್ತೆ ಆದಾಯದ ಕಾಗದ ಕೊಡಬೇಕು. ಸಂಬಳ ಏರಿತು ಅಂತ ಮನೆ ಬಿಡಿಸಲ್ಲ. ಇದನ್ನು ನಾನು ಕಚೇರಿಯಲ್ಲಿ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ, ಯಾಕೆಂದರೆ ಆ ವಾರವೇ ಫ್ಲೂ ಸೀಸನ್ನಿನ ಓವರ್‌ಟೈಮ್‌ಗೆ ಹೆಸರು ಕೊಟ್ಟಿದ್ದೆ.

ಮಿಚೆಲ್-ಲಾಮಾ ಪಟ್ಟಿಯಲ್ಲಿ ನಮ್ಮ ನಾಲ್ಕಂಕಿಯ ನಂಬರ್ ಇನ್ನೂ ಇದೆ, ತೆಗೆಸಿಲ್ಲ. ಹೊಸ ವಿಳಾಸ ಬರೆದು ಒಂದು ಕಾಗದ ಹಾಕಿದ್ದೇವೆ, ಸಾಮಾನ್ಯ ಅಂಚೆಯಲ್ಲೇ.